ಕ್ರಮಭಂಜಕ ನವಕಲ್ಪನೆ: ಒಂದು ಲಕ್ಷಣವಿಚಾರ

ಪಾಶ್ಚಾತ್ಯರ ವ್ಯವಹಾರಶಾಸ್ತ್ರ ಗ್ರಂಥಗಳಲ್ಲಿ ಕಳೆದ ಮೂವತ್ತು ವರ್ಷಗಳಿಂದ 'ಡಿಸ್ರಪ್ಟಿವ್ ಇನ್ನೊವೇಷನ್' ಎಂಬೊಂದು ಸಂಜ್ಞೆಯು ಬಹುವಾಗಿ ಬಳಕೆಗೆ ಬಂದಿದೆ. ಇದನ್ನು 'ವಿಧ್ವಂಸಕ' ಎಂಬ ಮಾತಿನಿಂದ ಕನ್ನಡಿಸುವುದು ಅಷ್ಟು ಸಾಧುವಲ್ಲ. ಹೊಸ ಉದ್ಯಮವು ಹುಟ್ಟುವಾಗ ಹಳೆಯದು ಅಳಿಯುವುದೆಂಬ ಸಾಮಾನ್ಯ ತತ್ತ್ವವನ್ನು ಜೋಸೆಫ್ ಷುಂಪೀಟರ್ ಅವರು 1942ರಲ್ಲಿಯೇ ಸೃಷ್ಟಿಶೀಲ ವಿನಾಶವೆಂದು ನಿರೂಪಿಸಿರುವರು. ವಿಧ್ವಂಸವೆಂಬ ಮಾತು ಅಲ್ಲಿಗೆ ಸಲ್ಲುವುದು. ಪ್ರಕೃತ ಸಂಜ್ಞೆಯಲ್ಲಿ ವಿವಕ್ಷಿತವಾದುದು ವಿನಾಶವಲ್ಲ, ನಡೆದುಬಂದ ಕ್ರಮವು ಮುರಿಯುವ ಒಂದು ವಿಶಿಷ್ಟ ರೀತಿ. ಆದುದರಿಂದ 'ಕ್ರಮಭಂಜಕ ನವಕಲ್ಪನೆ' ಎಂಬ ಪ್ರಯೋಗವೇ ಲೇಸೆಂದು ತೋರುತ್ತದೆ.

ಈ ವಾದದ ಪ್ರವರ್ತಕರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಕ್ಲೇಟನ್ ಕ್ರಿಸ್ಟೆನ್‌ಸನ್ ಅವರು (1952–2020). 1995ರಲ್ಲಿ ಜೋಸೆಫ್ ಬೋವರ್ ಅವರೊಡನೆ ಬರೆದ ಲೇಖನದಲ್ಲಿ ಬೀಜರೂಪವಾಗಿದ್ದ ವಿಚಾರವು 1997ರ 'ದಿ ಇನ್ನೊವೇಟರ್ಸ್ ಡೈಲೆಮಾ' ಎಂಬ ಗ್ರಂಥದಲ್ಲಿ ಪಲ್ಲವಿಸಿತು. ಇದರ ಮೂಲೋದಾಹರಣೆಯು ಗಣಕಯಂತ್ರಗಳಲ್ಲಿ ಮಾಹಿತಿಯನ್ನು ಕಾಪಿಡುವ ತಟ್ಟೆಗಳದು. 1981ರ ಸುಮಾರಿನಲ್ಲಿ 8 ಅಂಗುಲದ ತಟ್ಟೆಯು 60 ಮೆಗಾಬೈಟ್‌ಗಳನ್ನು ಹಿಡಿಯುತ್ತಿತ್ತು. ಬೆಲೆ 3,000 ಡಾಲರು. ಆಗತಾನೆ ಬಂದಿದ್ದ 5.25 ಅಂಗುಲದ ತಟ್ಟೆಯು ಹಿಡಿಯುತ್ತಿದ್ದುದು 10 ಮೆಗಾಬೈಟ್ ಮಾತ್ರ; ಬೆಲೆ 2,000 ಡಾಲರು. ಎಂದರೆ ಒಂದೊಂದು ಮೆಗಾಬೈಟಿಗೆ ಹಳೆಯದರಲ್ಲಿ 50 ಡಾಲರಾದರೆ ಹೊಸದರಲ್ಲಿ 200. ಮಧ್ಯಮ ಗಾತ್ರದ ಗಣಕಗಳನ್ನು ಕಟ್ಟುತ್ತಿದ್ದ ಗಿರಾಕಿಗಳು ಇಂಥ ಸರಕನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆದರೆ ಮೇಜಿನ ಮೇಲಿಡುವ ಸಣ್ಣ ಗಣಕಗಳಿಗೆ ಬೇಕಾದುದು ಗಾತ್ರದಲ್ಲಿ ಕಿರಿದಾದ, ಒಟ್ಟು ಬೆಲೆಯಲ್ಲಿ ಕಡಿಮೆಯಾದ ತಟ್ಟೆಯೇ. ಅಲ್ಲಿ ನೆಲೆನಿಂತು, ವರ್ಷವರ್ಷಕ್ಕೂ ಶಕ್ತಿ ಬೆಳೆಸಿಕೊಂಡು, ಕೊನೆಗೆ ಅದು ಹಿರಿಯ ತಟ್ಟೆಯ ಗಿರಾಕಿಗಳನ್ನೂ ಸೆಳೆದುಕೊಂಡಿತು. ಉಕ್ಕಿನ ಉದ್ಯಮದಲ್ಲಿ ಗುಜರಿಯನ್ನು ಕರಗಿಸುವ ಸಣ್ಣ ಕಾರ್ಖಾನೆಗಳು ಕಾಂಕ್ರೀಟಿನೊಳಗಿನ ಸರಳುಗಳಿಂದ ಮೊದಲುಮಾಡಿ 1989ರಲ್ಲಿ ತಗಡಿನವರೆಗೂ ಏರಿದುದು ಇದೇ ಬಗೆಯೆಂದು ಅವರ ಮತ.

ಈ ವಾದದಲ್ಲಿ ನಿಜವಾಗಿ ಹೊಸತಾದುದು ಯಾವುದೆಂದರೆ, ಹಿರಿಯ ಸಂಸ್ಥೆಗಳು ಬೀಳುವುದು ಆಲಸ್ಯದಿಂದಲ್ಲ, ಅವಿವೇಕದಿಂದಲೂ ಅಲ್ಲ. ಒಳ್ಳೆಯ ಗಿರಾಕಿಗಳ ಮಾತನ್ನು ಒಳ್ಳೆಯ ರೀತಿಯಲ್ಲಿ ಕೇಳಿ ನಡೆದುದರಿಂದಲೇ ಎಂಬುದು. ಗುಣವೇ ದೋಷಕ್ಕೆ ಹೇತುವಾಗುವ ಈ ವಿರೋಧಾಭಾಸವು ಸಾಹಿತ್ಯಜ್ಞರಿಗೂ ಹಿಡಿಸತಕ್ಕದ್ದೇ ಆಗಿದೆ. ಇರುವ ಗಿರಾಕಿಗಳಿಗಾಗಿ ಇರುವ ಸರಕನ್ನು ಉತ್ತಮಪಡಿಸುವುದಕ್ಕೆ ಪೋಷಕ ನವಕಲ್ಪನೆಯೆಂದು ಹೆಸರು. ಅದರಲ್ಲಿ ಹಿರಿಯರು ಸಾಮಾನ್ಯವಾಗಿ ಗೆಲ್ಲುತ್ತಾರೆ; ಸೋಲುವುದು ಕ್ರಮಭಂಜಕದಲ್ಲಿ.

ಇಷ್ಟರವರೆಗೆ ಉದಾಹರಣೆಯಾಯಿತು. ಲಕ್ಷಣವು ಯಾವುದು? ಗೋವಿಗೆ ಕೊಂಬೇ ಲಕ್ಷಣವೆಂದರೆ ಎಮ್ಮೆಯಲ್ಲಿ ಅತಿವ್ಯಾಪ್ತಿ. ಕಪಿಲವರ್ಣವೆಂದರೆ ಬಿಳಿಯ ಹಸುವಿನಲ್ಲಿ ಅವ್ಯಾಪ್ತಿ. ಗಂಗೆದೊಗಲೆಂದರೆ ಮಾತ್ರ ನಿರ್ದುಷ್ಟವೆಂದು ತರ್ಕವನ್ನು ಓದತೊಡಗಿದ ಬಾಲನೂ ಬಲ್ಲನು. ಕ್ರಮಭಂಜಕಕ್ಕೆ ಅಂತಹ ಅಸಾಧಾರಣ ಧರ್ಮವೊಂದನ್ನು ಹೇಳಿಲ್ಲವೆಂಬುದೇ 2004ರಲ್ಲಿ ಎರ್ವಿನ್ ಡ್ಯಾನೀಲ್ಸ್ ಅವರು ಎತ್ತಿದ ಆಕ್ಷೇಪದ ಸಾರ. ಅಷ್ಟರಲ್ಲಿ ಸಂಜ್ಞೆಯೇ ಒಮ್ಮೆ ಬದಲಾಗಿದ್ದಿತು. ಮೊದಲಿನ ಗ್ರಂಥದಲ್ಲಿ 'ತಂತ್ರ'ವೇ ಕ್ರಮಭಂಜಕವೆಂದಿದ್ದುದು 2003ರಲ್ಲಿ ಮೈಕೇಲ್ ರೇನರ್ ಅವರೊಡನೆ ರಚಿಸಿದ ಎರಡನೆಯ ಗ್ರಂಥದಲ್ಲಿ 'ನವಕಲ್ಪನೆ'ಯೆಂದು ತಿದ್ದಲ್ಪಟ್ಟಿತು. ತಂತ್ರವು ತಾನಾಗಿ ಕ್ರಮವನ್ನು ಮುರಿಯುವುದಿಲ್ಲ, ಅದನ್ನು ವ್ಯಾಪಾರಕ್ಕೆ ಹೂಡುವ ರೀತಿಯು ಮುರಿಯುತ್ತದೆಂಬುದು ಅಭಿಪ್ರಾಯ. ತಿದ್ದುಪಡಿಯು ಯುಕ್ತವಾದುದೇ. ಆದರೆ ಲಕ್ಷ್ಯದ ಪರಿಧಿಯು ಅದರಿಂದ ಕಿರಿದಾಗದೆ ಹಿರಿದಾಯಿತು.

ಅತಿವ್ಯಾಪ್ತಿಯ ಭಯವು ಪ್ರವರ್ತಕರಿಗೂ ತಪ್ಪಲಿಲ್ಲ. ಕಂಡಕಂಡ ಯಶಸ್ಸಿಗೆಲ್ಲ ಜನರು ಈ ಹೆಸರನ್ನೇ ಇಡತೊಡಗಿದಾಗ, 2015ರಲ್ಲಿ ಕ್ರಿಸ್ಟೆನ್‌ಸನ್, ರೇನರ್ ಮತ್ತು ರೋರಿ ಮೆಕ್‌ಡೊನಾಲ್ಡ್ ಅವರು ಮತ್ತೊಮ್ಮೆ ಲಕ್ಷಣವನ್ನು ಬಿಗಿಗೊಳಿಸಿದರು. ಮಾರುಕಟ್ಟೆಯ ಕೆಳಗಿನ ಮೆಟ್ಟಿಲಿನಲ್ಲಿಯೋ, ಇದುವರೆಗೆ ಗಿರಾಕಿಗಳೇ ಅಲ್ಲದಿದ್ದವರಲ್ಲಿಯೋ ಹುಟ್ಟಿದುದು ಮಾತ್ರ ಕ್ರಮಭಂಜಕ. ಬಾಡಿಗೆ ಕಾರನ್ನು ಮೊದಲೇ ಬಳಸುತ್ತಿದ್ದ ಜನರಿಂದ ಆರಂಭಿಸಿದ ಊಬರ್ ಅಂಥದಲ್ಲ ಎಂದರು. ಅದೇ ಲೇಖನದಲ್ಲಿ ಐಫೋನಿಗೆ ಬೇರೊಂದು ಗತಿ. 2007ರಲ್ಲಿ ಅದು ಹೊರಬಂದಾಗ, ದೂರವಾಣಿಗಳ ಸಾಲಿನಲ್ಲಿ ಇದು ಪೋಷಕ ನವಕಲ್ಪನೆಯಾದುದರಿಂದ ಹೆಚ್ಚು ಗೆಲ್ಲಲಾರದೆಂದು ಕ್ರಿಸ್ಟೆನ್‌ಸನ್ ಅವರು ಭಾವಿಸಿದ್ದರು. ಅದು ಗೆದ್ದಿತು. ಬಳಿಕ, ದೂರವಾಣಿಗೆ ಹೋಲಿಸದೆ ತೊಡೆಗಣಕಕ್ಕೆ ಹೋಲಿಸಿದರೆ ಐಫೋನು ಕ್ರಮಭಂಜಕವೇ ಸರಿ ಎಂಬ ಸಮಾಧಾನವು ಬಂದಿತು. ಪ್ರತಿಯೋಗಿಯು ಬೇರೆಯಾದರೆ ಧರ್ಮವೂ ಬೇರೆಯಾಗಬಹುದೆಂಬುದನ್ನು ಒಪ್ಪಬಹುದು. ಆದರೆ ಫಲವು ತಿಳಿದ ಮೇಲೆ ಪ್ರತಿಯೋಗಿಯನ್ನು ಆರಿಸಿಕೊಂಡರೆ ಅನ್ಯೋನ್ಯಾಶ್ರಯವು ತಪ್ಪದು: ಗೆದ್ದುದರಿಂದ ಕ್ರಮಭಂಜಕ, ಕ್ರಮಭಂಜಕವಾದುದರಿಂದ ಗೆಲವು.

ಉದಾಹರಣೆಗಳ ಪ್ರಾಮಾಣ್ಯವನ್ನು ಪ್ರಶ್ನಿಸಿದವರಲ್ಲಿ ಇಬ್ಬಗೆಯವರುಂಟು. ಇತಿಹಾಸಜ್ಞೆ ಜಿಲ್ ಲೆಪೋರ್ ಅವರು 2014ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ, ಈ ಕಥೆಗಳು ಬೇಕಾದಂತೆ ಆರಿಸಿದವು, ಸೋತಿತೆಂದು ಹೇಳಿದ ಸೀಗೇಟ್ ಸಂಸ್ಥೆಯು ಸೋಲಲಿಲ್ಲವೆಂದು ಬರೆದರು. ಆ ಲೇಖನದ ಧಾಟಿಯು ತೀಕ್ಷ್ಣವಾದುದು. ವಿಚಾರಕ್ಕಿಂತ ವಿಡಂಬನವು ಕೆಲವೆಡೆ ಹೆಚ್ಚಾಯಿತು. ಇದಕ್ಕಿಂತ ಗುರುತರವಾದುದು 2015ರಲ್ಲಿ ಆಂಡ್ರ್ಯೂ ಕಿಂಗ್ ಮತ್ತು ಬಾಲ್ಜಿರ್ ಬಾತರ್‌ತೊಗ್ತೊಖ್ ಅವರು ನಡೆಸಿದ ಪರೀಕ್ಷೆ. ಕ್ರಿಸ್ಟೆನ್‌ಸನ್ ಅವರ ಎರಡು ಗ್ರಂಥಗಳಿಂದ 77 ನಿದರ್ಶನಗಳನ್ನು ತೆಗೆದು, ಒಂದೊಂದನ್ನೂ ಆಯಾ ಉದ್ಯಮವನ್ನು ಬಲ್ಲವರ ಮುಂದಿಟ್ಟು ನಾಲ್ಕು ಅಂಶಗಳನ್ನು ಕೇಳಿದರು. ಹಿರಿಯ ಸಂಸ್ಥೆಯು ಪೋಷಕ ಮಾರ್ಗದಲ್ಲಿ ಮುನ್ನಡೆಯುತ್ತಿದ್ದಿತೇ? ಗಿರಾಕಿಗಳಿಗೆ ಬೇಕಾದುದನ್ನು ಮೀರಿದ್ದಿತೇ? ಎದುರುನಿಲ್ಲುವ ಸಾಮರ್ಥ್ಯವಿದ್ದೂ ನಿಲ್ಲಲಿಲ್ಲವೇ? ಆ ಕಾರಣದಿಂದಲೇ ಕುಸಿಯಿತೇ? ನಾಲ್ಕೂ ಕೂಡಿದ ನಿದರ್ಶನಗಳು 77ರಲ್ಲಿ 7 ಮಾತ್ರ.

ಉತ್ಸರ್ಗಕ್ಕೆ ಅಪವಾದಗಳಿರುವುದು ವ್ಯಾಕರಣದಲ್ಲಿ ದೋಷವಲ್ಲ. ಆದರೆ ಅಪವಾದಗಳೇ ಎಪ್ಪತ್ತಾದರೆ ಯಾವುದು ಉತ್ಸರ್ಗವೆಂದು ಕೇಳಬೇಕಾಗುತ್ತದೆ. ಹಾಗೆಂದು ಆ ಎಪ್ಪತ್ತೂ ಪೂರ್ಣವಾಗಿ ಬಾಧಿತವೆಂದು ತಿಳಿಯಬಾರದು. ಅವುಗಳಲ್ಲಿ ಒಂದೋ ಎರಡೋ ಮೂರೋ ಅಂಶಗಳು ಸಂಗತವಾಗಿರಬಹುದು. ನಾಲ್ಕಂಶಗಳ ವಿಭಾಗವೂ ಪರೀಕ್ಷಕರದೇ. ವಾದದ ಪಕ್ಷದವರು 2018ರಲ್ಲಿ ಬರೆದ ದೀರ್ಘ ಸಮೀಕ್ಷೆಯಲ್ಲಿ, ಹೊಂದದ ನಿದರ್ಶನಗಳನ್ನು ಹುಡುಕುತ್ತ ಸಿದ್ಧಾಂತವನ್ನು ತಿದ್ದುವುದೇ ತಮ್ಮ ಪದ್ಧತಿಯೆಂದಿರುವರು. ಪದ್ಧತಿಯು ಒಳ್ಳೆಯದೇ, ಆದರೆ ತಿದ್ದಿದ ಸಿದ್ಧಾಂತವನ್ನು ತಿದ್ದುವುದಕ್ಕೆ ಕಾರಣವಾದ ನಿದರ್ಶನಗಳಿಂದಲೇ ಸಮರ್ಥಿಸಲಾಗದು.

ಇದೇ ಪದವು ಇತ್ತೀಚೆಗೆ ಬೇರೊಂದು ಶಾಸ್ತ್ರದಲ್ಲಿಯೂ ಸಂಚರಿಸುತ್ತಿದೆ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೂವರು ವಿದ್ವಾಂಸರು 4.5 ಕೋಟಿ ಲೇಖನಗಳನ್ನೂ 39 ಲಕ್ಷ ಪೇಟೆಂಟುಗಳನ್ನೂ ಪರಿಶೀಲಿಸಿ, ಕ್ರಮಭಂಜಕತೆಯು ಕಾಲಕ್ರಮದಲ್ಲಿ ಕುಗ್ಗುತ್ತಿದೆಯೆಂದು ಪ್ರತಿಪಾದಿಸಿದರು. ಅಲ್ಲಿ ನೋಡುವುದು ಮುಂದಿನವರು ಒಂದು ಕೃತಿಯನ್ನು ಉಲ್ಲೇಖಿಸುವಾಗ ಅದರ ಪೂರ್ವಕೃತಿಗಳನ್ನು ಬಿಟ್ಟರೋ ಇಲ್ಲವೋ ಎಂಬುದನ್ನು. ಶಬ್ದವು ಒಂದೇ, ಅರ್ಥವು ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಬರೆಹಗಳನ್ನು ಎಚ್ಚರದಿಂದ ಓದಬೇಕು.

ಇನ್ನುಳಿದುದು ಭವಿಷ್ಯಜ್ಞಾನದ ಪ್ರಶ್ನೆ. ಹಿಂದಿನದನ್ನು ಅಳೆದ ಮಾನದಿಂದ ಮುಂದಿನದನ್ನು ಊಹಿಸುವುದಕ್ಕಾಗುವುದೇ ಎಂದು ವಿಜಯ್ ಗೋವಿಂದರಾಜನ್ ಮತ್ತು ಪ್ರವೀಣ್ ಕೋಪಳ್ಳೆ ಅವರು 2006ರಲ್ಲಿ ವಿಚಾರಿಸಿ, ಕ್ರಮಭಂಜಕತೆಯನ್ನು ಅಳೆಯುವ ಒಂದು ಮಾನವನ್ನು ಸೂಚಿಸಿರುವರು. 2011ರಲ್ಲಿ ರೇನರ್ ಅವರು ಇಂಟೆಲ್ ಸಂಸ್ಥೆಯು ಪೋಷಿಸಿದ್ದ ನವೋದ್ಯಮಗಳ ವಿವರವನ್ನು, ಫಲವನ್ನು ಮರೆಮಾಡಿ, ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷಿಸಿದಾಗ, ಸಿದ್ಧಾಂತವನ್ನು ಕಲಿತವರ ಊಹೆಯು ಮೇಲಾಯಿತೆಂದು ವರದಿಮಾಡಿದರು. ಇಂಥ ಪರೀಕ್ಷೆಗಳು ವಿರಳವಾದುದೇ ಈ ಕ್ಷೇತ್ರದ ದೊಡ್ಡ ಕೊರತೆ.

ಉಪಾಧ್ಯಾಯರಿಗೆ ನೇರವಾಗಿ ಸಂಬಂಧಿಸಿದ ಒಂದು ಭವಿಷ್ಯವಾಣಿಯೂ ಉಂಟು. ಕ್ರಿಸ್ಟೆನ್‌ಸನ್ ಅವರು ಇಬ್ಬರು ಸಹಲೇಖಕರೊಡನೆ 2008ರಲ್ಲಿ ಪ್ರಕಟಿಸಿದ 'ಡಿಸ್ರಪ್ಟಿಂಗ್ ಕ್ಲಾಸ್' ಎಂಬ ಗ್ರಂಥದಲ್ಲಿ, 2019ರ ವೇಳೆಗೆ ಅಮೆರಿಕದ ಪ್ರೌಢಶಾಲೆಗಳ ಪಾಠಗಳಲ್ಲಿ ಅರ್ಧದಷ್ಟು ಅಂತರ್ಜಾಲದ ಮೂಲಕ ನಡೆಯುವುವೆಂದು ಗಣಿಸಿದ್ದರು. 2019 ಬಂದಿತು, ಪಾಠಗಳು ಅಷ್ಟು ಪ್ರಮಾಣದಲ್ಲಿ ಸ್ಥಳಾಂತರವಾಗಲಿಲ್ಲ. ಮರುವರ್ಷವೇ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿ, ಪಾಠಗಳು ಒಮ್ಮೆಲೇ ಜಾಲಕ್ಕೆ ಸರಿದವು. ಇದನ್ನು ಸಿದ್ಧಾಂತದ ಫಲವೆಂದು ಎಣಿಸುವವರು ಕಾಗೆಯು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾರ್ಯಕಾರಣಭಾವವನ್ನು ಕಲ್ಪಿಸಿದಂತಾಗುವುದು. ಇಲ್ಲಿ ಕೆಳಗಿನ ಮೆಟ್ಟಿಲಿನಿಂದ ಮೇಲೇರಿದ ಪ್ರತಿಸ್ಪರ್ಧಿಯಿಲ್ಲ, ಗಿರಾಕಿಯ ಆಯ್ಕೆಯೂ ಇಲ್ಲ. ರೋಗವು ತಗ್ಗಿದ ಮೇಲೆ ಬಹುಪಾಲು ವಿದ್ಯಾರ್ಥಿಗಳು ಹಿಂದಿನ ಕೊಠಡಿಗಳಿಗೇ ಮರಳಿದರು.