ಮಾಯೆಯ ಕತ್ತಿಯ ಗಾಯ

ಹಗ್ಗವನ್ನು ಹಾವೆಂದು ಬಗೆದವನು ಬೆದರುವುದು ಸಹಜ; ಆದರೆ ಅವನಿಗೆ ವಿಷವೇರುವುದೆ? ವೇದಾಂತಿಗಳಿಗೇ ಮೀಸಲೆಂದು ತೋರುವ ಈ ಪ್ರಶ್ನೆಯನ್ನು ಒಂದು ಆಟದ ಮೇಜಿನ ಸುತ್ತ ಕುಳಿತವರು ಐದು ದಶಕಗಳಿಂದ ಚರ್ಚಿಸುತ್ತ ಬಂದಿದ್ದಾರೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದೇ ಆ ಆಟ. ಸೂತ್ರಧಾರನೊಬ್ಬನು ಲೋಕವೊಂದನ್ನು ಮಾತಿನಲ್ಲಿ ಕಟ್ಟುತ್ತಾನೆ. ಉಳಿದವರು ವೀರರಾಗಿ, ಮಂತ್ರವಾದಿಗಳಾಗಿ ಅದರೊಳಗೆ ಸಂಚರಿಸುತ್ತಾರೆ. ಕಾಳಗದಲ್ಲಿ ಇಪ್ಪತ್ತು ಮುಖಗಳ ದಾಳವೇ ನ್ಯಾಯಾಧೀಶ. ಏಟು ತಗಲಿದರೆ ಪ್ರಾಣಾಂಕ ಕುಗ್ಗುತ್ತದೆ. ಆ ಅಂಕವಾದರೂ ಬರಿಯ ಮೈಗಾಯದ ಲೆಕ್ಕವಲ್ಲ, ಕೌಶಲ ಅದೃಷ್ಟಗಳೂ ಅದರಲ್ಲಿ ಸೇರಿವೆಯೆಂದು ಗೈಗ್ಯಾಕ್ಸರೇ 1979ರಲ್ಲಿ ಬರೆದರು.

ಇನ್ನು ಮಾಯೆಯ ಮಾತು. ನೋಡಿದವನು ನಿಜವೆಂದು ನಂಬಿದರೆ ಗಾಯವೂ ನಿಜ, ಜೀವಿಯೊಂದು ಮುಟ್ಟಿದರೆ ಮಾಯೆ ಮಾಯ—ಇದು 1974ರ ವಿಧಿ. ಹಾಗಾದರೆ ಮಾಯೆಯ ಸರ್ಪ ಕಚ್ಚಿದಾಗ ಮುಟ್ಟಿದಂತಾಯಿತೋ, ಗಾಯವಾಯಿತೋ? ಜಗಳ ಹುಟ್ಟಲು ಇಷ್ಟು ಸಾಲದೆ! 2014ರ ಆವೃತ್ತಿಯಲ್ಲಿ ಸಾಮಾನ್ಯ ಮಾಯೆ ಕಣ್ಣನ್ನು ವಂಚಿಸುತ್ತದೆಯೇ ಹೊರತು ನೋಯಿಸುವುದಿಲ್ಲ. ಒಬ್ಬನ ಮನಸ್ಸಿನೊಳಗೇ ನೆಲಸುವ ಮತ್ತೊಂದು ಮಾಯೆಯುಂಟು, ಅದು ನೋಯಿಸಬಲ್ಲುದು. ಅದಕ್ಕೆ ಸಿಕ್ಕವನು ಇಲ್ಲದ ಸೇತುವೆಯ ಮೇಲೆ ಕಾಲಿಟ್ಟು ಬಿದ್ದರೂ ಗಾಳಿ ತಳ್ಳಿತೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ!

ಈ ವಾದಗಳ ತಿರುಳು ನನಗೆ ಬೇರೆಡೆ ಕಾಣುತ್ತದೆ. ಎದುರಿಗಿರುವುದು ಮಾಯೆಯೆಂದು ಆಟಗಾರ ಊಹಿಸಬಲ್ಲ. ಅವನು ಧರಿಸಿದ ವೀರನು ಅರಿಯ. ಕಂಡದ್ದಕ್ಕೆಲ್ಲ ‘ನಂಬೆ’ ಎನ್ನುವುದು ಪುಕ್ಕಟೆಯಾದರೆ ಮಂತ್ರವಾದಿಯ ವಿದ್ಯೆಗೆ ಕಾಸಿನ ಬೆಲೆಯಿಲ್ಲ. ಸಂಶಯಕ್ಕೆ ಎಡೆಯೇ ಇಲ್ಲದಿದ್ದರೆ ಆಟಗಾರನ ಬುದ್ಧಿಗೆ ಬೆಲೆಯಿಲ್ಲ. ಇದಕ್ಕೆ 2014ರ ನಿಯಮ ಕಂಡುಕೊಂಡ ಉಪಾಯ ಸೊಗಸಾದುದು: ಕೈಯಿಂದ ಮುಟ್ಟದೆ ಪರೀಕ್ಷಿಸಬೇಕೆನ್ನುವವನು ತನ್ನ ಸರದಿಯ ಕಾರ್ಯವನ್ನು ಅದಕ್ಕೇ ವ್ಯಯಮಾಡಿ ದಾಳವುರುಳಿಸಬೇಕು. ಪರೀಕ್ಷಿಸುತ್ತ ನಿಂತಾಗ ಸರ್ಪ ನಿಜವೇ ಆಗಿದ್ದರೆ? ಸಂಶಯಕ್ಕೂ ಬೆಲೆ ತೆರಬೇಕು.

ಆದರೂ ಯಾವ ವಿಧಿಯೂ ಕಾಯಲಾರದ ವಸ್ತುವೊಂದುಂಟು: ಮೇಜಿನ ಸುತ್ತಣ ಸ್ನೇಹಿತರ ಪರಸ್ಪರ ವಿಶ್ವಾಸ. ಸೂತ್ರಧಾರನು ತನ್ನ ಗೆಲುವಿಗಾಗಿ ಮಾಯೆಯನ್ನು ಬಳಸಬಾರದು. ಆಟಗಾರನು ತನಗೆ ತಿಳಿದದ್ದನ್ನು ವೀರನ ಕಿವಿಯಲ್ಲಿ ಉಸುರಬಾರದು. ಸುಳ್ಳೆಂದು ತಾನು ಬಲ್ಲ ಸರ್ಪದೆದುರು ತನ್ನ ವೀರನನ್ನು ಓಡಿಸಬಲ್ಲವನೇ, ನನ್ನ ಎಣಿಕೆಯಲ್ಲಿ, ಆಟವನ್ನು ಬಲ್ಲವನು.