ಸ್ವಿಚ್ ಆಫ್ ಇತ್ತು, ಕರೆಂಟ್ ಮಾತ್ರ ಇತ್ತು

ಕಳೆದ ಬೇಸಿಗೆ ರಜೆಯಲ್ಲಿ ಕಳಲೆಯ ನಮ್ಮ ಮನೆಯ ನಡುಮನೆ ಫ್ಯಾನ್ ಕೈಕೊಟ್ಟಿತು. ಒಂದೇ ದಿನದಲ್ಲಿ ನಿಂತದ್ದಲ್ಲ. ಮೊದಲು ರೆಗ್ಯುಲೇಟರ್ 1, 2, 3ರಲ್ಲಿ ಇದ್ದರೆ ಅಲುಗುತ್ತಲೇ ಇರಲಿಲ್ಲ, 4ಕ್ಕೆ ತಿರುಗಿಸಿದರೆ ಮಾತ್ರ ಪೂರ್ತಿ ಜೋರಾಗಿ ಓಡುತ್ತಿತ್ತು. ದಾದಿ ಮಲಗುವುದು ನಡುಮನೆಯಲ್ಲೇ. ಅವರಿಗೆ ಮಂಡಿ ನೋವು, ಅಷ್ಟು ಗಾಳಿ ಆಗದು. ಆಫ್ ಮಾಡಿದರೆ ಸೆಕೆ, ಜೊತೆಗೆ ಸೊಳ್ಳೆ. ಹದಿನೈದು ದಿನ ರಾತ್ರಿಯೆಲ್ಲಾ ಎದ್ದೆದ್ದು ಸ್ವಿಚ್ ಹಾಕುವುದು, ತೆಗೆಯುವುದೇ ಆಯಿತು. ಆಮೇಲೆ 4ರಲ್ಲೂ ನಿಂತುಹೋಯಿತು.

ನಾನು ಆಗಷ್ಟೇ ದ್ವಿತೀಯ ಪಿಯುಸಿಗೆ ಬರುವವಳು. ಎಲೆಕ್ಟ್ರಿಷಿಯನ್ ಯಾಕೆ, ನಾನೇ ನೋಡುತ್ತೇನೆ ಎಂದೆ. ಅಮ್ಮಿ ಬೇಡವೆಂದರು. ಅಬ್ಬು ನಗುತ್ತಾ ಟೆಸ್ಟರ್ ಕೊಟ್ಟು ಕೆಲಸಕ್ಕೆ ಹೋದರು.

ಮೊದಲು ದೋಷ ಎಲ್ಲಿದೆ ಎಂದು ಯೋಚಿಸಿದೆ. ಫ್ಯಾನಿನ ಕಂಡೆನ್ಸರ್ ಹೋದರೆ ಸಾಮಾನ್ಯವಾಗಿ ಗುಂಯ್ ಎನ್ನುವ ಸದ್ದು ಬರುತ್ತದೆ, ರೆಕ್ಕೆ ತಿರುಗುವುದಿಲ್ಲ, ಇಲ್ಲವೇ ನಿಧಾನವಾಗಿ ತಿರುಗುತ್ತದೆ. ನಮ್ಮ ಫ್ಯಾನಿನಲ್ಲಿ ಸದ್ದೇ ಇರಲಿಲ್ಲ. ಅದೂ ಅಲ್ಲದೆ ಮೊನ್ನೆಯವರೆಗೆ 4ರಲ್ಲಿ ಚೆನ್ನಾಗಿಯೇ ಓಡಿತ್ತು. ಹಾಗಾಗಿ ಅನುಮಾನ ರೆಗ್ಯುಲೇಟರ್ ಮೇಲೆ ಬಂತು. ಅದೇ ಬೋರ್ಡಿನ ಲೈಟ್ ಉರಿಯುತ್ತಿತ್ತು, ಅಂದರೆ ಬೋರ್ಡಿಗೆ ಕರೆಂಟ್ ಬರುತ್ತಿದೆ.

ಬೋರ್ಡ್ ಬಿಚ್ಚಿದೆ. ಫ್ಯಾನ್ ಸ್ವಿಚ್‌ನ ಎರಡೂ ಸ್ಕ್ರೂಗಳಿಗೆ ಟೆಸ್ಟರ್ ಇಟ್ಟೆ. ಉರಿಯಲಿಲ್ಲ. ಸ್ವಿಚ್ ಆನ್ ಮಾಡಿ ಇಟ್ಟೆ. ಆಗಲೂ ಇಲ್ಲ. ಸ್ವಿಚ್ಚಿಗೇ ಕರೆಂಟ್ ಬರುತ್ತಿಲ್ಲ ಎಂದು ತೀರ್ಮಾನಿಸಿ, ಮೇನ್ ತೆಗೆಯದೆಯೇ ರೆಗ್ಯುಲೇಟರ್ ವೈರನ್ನು ಕೈಯಲ್ಲಿ ಎಳೆಯಲು ಹೋದೆ. ಟೆಸ್ಟರ್ ಇನ್ನೂ ಕೈಯಲ್ಲೇ ಇತ್ತು. ಸುಮ್ಮನೆ, ಯಾವ ಯೋಚನೆಯೂ ಇಲ್ಲದೆ, ರೆಗ್ಯುಲೇಟರಿನ ಇನ್ನೊಂದು ಸ್ಕ್ರೂಗೂ ಮುಟ್ಟಿಸಿದೆ. ಕೆಂಪಗೆ ಉರಿಯಿತು. ನಾನು ಹಿಡಿಯಬೇಕೆಂದಿದ್ದ ವೈರ್ ಅದೇ. ಕೈ ನಡುಗಿ ಸ್ಟೂಲಿನಿಂದ ಇಳಿದುಬಿಟ್ಟೆ.

ಸ್ವಿಚ್ಚಿನಲ್ಲಿ ಇಲ್ಲದ ಕರೆಂಟ್ ಅದರಾಚೆಯ ರೆಗ್ಯುಲೇಟರಿನಲ್ಲಿ ಹೇಗೆ ಬಂತು?

ಸಂಜೆ ನಮ್ಮ ಬೀದಿಯ ವೈರಿಂಗ್ ಅಣ್ಣ ಬಂದರು. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. 'ನಾ ಇಲ್ಲಿ ಕೈ ಹಾಕಿದಾಗ ಯಾರೋ ಬಂದು ಮೇನ್ ಎತ್ತಬಾರದಲ್ವಾ ಕೂಸು' ಎಂದರು. ರೆಗ್ಯುಲೇಟರಿನ ಎರಡು ವೈರ್ ಬಿಚ್ಚಿ, ಒಂದಕ್ಕೊಂದು ಸುತ್ತಿ, ಟೇಪ್ ಹಾಕಿ, ಮತ್ತೆ ಫ್ಯೂಸ್ ಹಾಕಿ ಸ್ವಿಚ್ ಒತ್ತಿದರು. ಫ್ಯಾನ್ ಪೂರ್ತಿ ಜೋರಾಗಿ ಓಡಿತು. ಹೀಗೆ ಓಡಿದರೆ ಫ್ಯಾನ್, ಸ್ವಿಚ್, ವೈರ್ ಎಲ್ಲವೂ ಸರಿ ಇವೆ, ದೋಷ ರೆಗ್ಯುಲೇಟರಿನದ್ದೇ. ಓಡದಿದ್ದರೆ ಹೊಸ ರೆಗ್ಯುಲೇಟರ್ ತಂದರೂ ದುಡ್ಡು ದಂಡ.

ಆಮೇಲೆ ನನ್ನ ಪ್ರಶ್ನೆ ಕೇಳಿದೆ. ಅವರು ಸ್ವಿಚ್ ಆನ್ ಇರುವಾಗಲೇ ಅದರ ಎರಡೂ ಸ್ಕ್ರೂಗೆ ಟೆಸ್ಟರ್ ಇಟ್ಟು ತೋರಿಸಿದರು. ಫ್ಯಾನ್ ಓಡುತ್ತಿದೆ, ಟೆಸ್ಟರ್ ಉರಿಯುತ್ತಿಲ್ಲ. ಆಫ್ ಮಾಡಿದರು. ಈಗ ಒಂದು ಸ್ಕ್ರೂನಲ್ಲಿ ಉರಿಯಿತು!

ಸರಿಯಾದ ವೈರಿಂಗಿನಲ್ಲಿ ಫೇಸ್ ಮೊದಲು ಸ್ವಿಚ್ಚಿಗೆ, ಅಲ್ಲಿಂದ ರೆಗ್ಯುಲೇಟರಿಗೆ, ಅಲ್ಲಿಂದ ಫ್ಯಾನಿಗೆ ಹೋಗಿ, ನ್ಯೂಟ್ರಲ್ ಮೂಲಕ ಮರಳಬೇಕು. ಆಗ ಸ್ವಿಚ್ ಆನ್ ಇದ್ದರೆ ಎರಡೂ ಸ್ಕ್ರೂನಲ್ಲಿ ಟೆಸ್ಟರ್ ಉರಿಯುತ್ತದೆ. ನಮ್ಮಲ್ಲಿ ಉಲ್ಟಾ ಆಗಿತ್ತು. ಫೇಸ್ ನೇರವಾಗಿ ಫ್ಯಾನಿಗೆ ಹೋಗಿತ್ತು, ಸ್ವಿಚ್ ಮತ್ತು ರೆಗ್ಯುಲೇಟರ್ ನ್ಯೂಟ್ರಲ್ ದಾರಿಯಲ್ಲಿದ್ದವು. ಫ್ಯಾನ್ ಓಡುವುದಕ್ಕೆ ಇದರಿಂದ ಏನೂ ತೊಂದರೆ ಇಲ್ಲ, ಆದ್ದರಿಂದಲೇ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಸ್ವಿಚ್ ಆಫ್ ಮಾಡಿದಾಗ ತುಂಡಾಗುತ್ತಿದ್ದದ್ದು ನ್ಯೂಟ್ರಲ್. 230 ವೋಲ್ಟ್ ಫ್ಯಾನಿನ ಸುರುಳಿಯಲ್ಲೇ ಕಾದು ಕುಳಿತಿರುತ್ತಿತ್ತು. ನಾನು ಬೆಳಿಗ್ಗೆ ನೋಡಿದ ಕರೆಂಟ್ ಮೇಲಿನಿಂದ ಆ ಸುರುಳಿಯ ಮೂಲಕ ಇಳಿದು ಬಂದದ್ದು. ಕೆಟ್ಟ ರೆಗ್ಯುಲೇಟರ್ ಅದನ್ನು ಅಲ್ಲೇ ತಡೆದಿದ್ದರಿಂದ ಸ್ವಿಚ್ಚಿನವರೆಗೆ ಬಂದಿರಲಿಲ್ಲ.

ಇದನ್ನು ಕೇಳಿ ಅಮ್ಮಿಯ ಮುಖ ಬಾಡಿತು. ಪ್ರತಿ ಹಬ್ಬಕ್ಕೆ ಮುಂಚೆ ಅವರು ಸ್ವಿಚ್ ಆಫ್ ಮಾಡಿ, ಮೇಜಿನ ಮೇಲೆ ನಿಂತು, ಒದ್ದೆ ಬಟ್ಟೆಯಲ್ಲಿ ಫ್ಯಾನ್ ಒರೆಸುತ್ತಿದ್ದರು. ಒಳಗಿನ ತಂತಿಯ ಇನ್ಸುಲೇಷನ್ ಒಂದು ಕಡೆ ಸವೆದು ಬಾಡಿಗೆ ತಾಗಿದ್ದರೂ ಸಾಕಿತ್ತು. ನ್ಯೂಟ್ರಲ್‌ನಲ್ಲಿ ಒಂಟಿ ಸ್ವಿಚ್ ಹಾಕಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ನಮ್ಮ ಮನೆಗೆ ವೈರಿಂಗ್ ಮಾಡಿದವರು ಫೇಸ್‌ಗೂ ನ್ಯೂಟ್ರಲ್‌ಗೂ ಒಂದೇ ಬಣ್ಣದ ವೈರ್ ಎಳೆದಿದ್ದರು. ಅದೇ ಎಡವಟ್ಟಿನ ಮೂಲ ಇರಬೇಕು.

ಸರಿಪಡಿಸುವಾಗ ಎರಡು ತುದಿಯನ್ನೂ ಬದಲಿಸಬೇಕು. ಸ್ವಿಚ್ಚಿಗೆ ಬರುವ ನ್ಯೂಟ್ರಲ್ ತೆಗೆದು ಫೇಸ್ ಕೊಡಬೇಕು, ಫ್ಯಾನಿಗೆ ನೇರ ಹೋಗುವ ಫೇಸ್ ತೆಗೆದು ನ್ಯೂಟ್ರಲ್ ಕೊಡಬೇಕು. ಮೊದಲನೆಯದನ್ನಷ್ಟೇ ಮಾಡಿದರೆ ಫ್ಯಾನಿನ ಎರಡೂ ಕಡೆ ಫೇಸ್ ಬಂದು, ಫ್ಯಾನ್ ಓಡುವುದೂ ಇಲ್ಲ, ಅಪಾಯ ತಪ್ಪುವುದೂ ಇಲ್ಲ. ನಮ್ಮಲ್ಲಿ ಫ್ಯಾನಿನ ಎರಡೂ ವೈರ್ ಬೋರ್ಡಿಗೇ ಇಳಿದಿದ್ದರಿಂದ ಮೇಲೆ ಹತ್ತುವ ಕೆಲಸ ಬೀಳಲಿಲ್ಲ. ಇದನ್ನು ಅಣ್ಣನೇ ಮಾಡಿದರು. ನಾನು ಟಾರ್ಚ್ ಹಿಡಿದಿದ್ದೆ.

ಮರುದಿನ ನಂಜನಗೂಡಿನಿಂದ ಹೊಸ ರೆಗ್ಯುಲೇಟರ್ ತಂದೆವು. ಕೂರಿಸಿದ್ದು ನಾನೇ, ಅಣ್ಣ ಪಕ್ಕದಲ್ಲಿ ನಿಂತಿದ್ದರು. ಫ್ಯೂಸ್ ಈ ಸಲ ನನ್ನ ಜೇಬಿನಲ್ಲಿತ್ತು. ಎರಡೇ ವೈರ್, ಯಾವುದು ಎಲ್ಲಿಗೆ ಹಾಕಿದರೂ ನಡೆಯುತ್ತದೆ. ವೈರಿನ ಎಳೆಗಳನ್ನು ಚೆನ್ನಾಗಿ ಹೊಸೆದು, ಹೊರಗೆ ಒಂದೂ ಚಾಚದಂತೆ ಸ್ಕ್ರೂ ಬಿಗಿಮಾಡಬೇಕು. ಸಡಿಲ ಇದ್ದರೆ ಕಿಡಿ ಹಾರಿ ಸುಡುತ್ತದೆ. ಹತ್ತು ನಿಮಿಷದ ಕೆಲಸ. ತರುವ ಮುಂಚೆ ಹಳೆಯದರ ಅಳತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬೋರ್ಡಿನ ತೂತಿಗೆ ಕೂರುವುದಿಲ್ಲ. ಇನ್ನೊಂದು ಮಾತು: ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನಿಗೆ ಈ ರೆಗ್ಯುಲೇಟರ್ ಬಳಸಬಾರದು, ಅದರ ವೇಗ ನಿಯಂತ್ರಣ ಅದರೊಳಗೇ ಇರುತ್ತದೆ.

ಹಳೆಯದನ್ನು ಬಿಸಾಡದೆ ಒಡೆದು ನೋಡಿದೆ. (ಒಡೆಯುವ ಮುಂಚೆ ಅದರ ಎರಡು ತುದಿಗೆ ಸ್ಕ್ರೂಡ್ರೈವರ್ ಅಡ್ಡ ಮುಟ್ಟಿಸಲು ಅಣ್ಣ ಹೇಳಿದ್ದರು, ಒಳಗೆ ಚಾರ್ಜ್ ಉಳಿದಿರಬಹುದು ಎಂದು.) ಒಳಗೆ ಎರಡು ಕೆಪಾಸಿಟರ್, 2.2 ಮತ್ತು 3.3 ಮೈಕ್ರೋಫ್ಯಾರಡ್. ಒಂದು ಉಬ್ಬಿತ್ತು, ಇನ್ನೊಂದರ ಮೈ ಸೀಳಿತ್ತು. ತಿರುಗಣೆಯ ಲೋಹದ ಪಟ್ಟಿ ಸುಟ್ಟು ಕಪ್ಪಾಗಿತ್ತು. ಭೌತಶಾಸ್ತ್ರದ ಪರ್ಯಾಯ ವಿದ್ಯುತ್ ಪಾಠದ ಸೂತ್ರ ಹಾಕಿ ಲೆಕ್ಕ ಮಾಡಿದೆ. 50 ಹರ್ಟ್ಸ್‌ನಲ್ಲಿ 2.2ರದ್ದು ಸುಮಾರು 1450 ಓಮ್ ತಡೆಯುತ್ತದೆ, ಅದು 1ನೇ ವೇಗ. 3.3ರದ್ದು ಸುಮಾರು 965 ಓಮ್, ಅದು 2. ಎರಡೂ ಸಮಾಂತರವಾಗಿ ಸೇರಿದರೆ 5.5, ಅಂದರೆ ಸುಮಾರು 580 ಓಮ್, ಅದು 3. 4ರಲ್ಲಿ ಕೆಪಾಸಿಟರ್ ಇಲ್ಲವೇ ಇಲ್ಲ, ನೇರ ಸಂಪರ್ಕ. ಕೆಪಾಸಿಟರ್ ಎರಡೂ ಹೋದಾಗ 4 ಮಾತ್ರ ಉಳಿದದ್ದು, ಪಟ್ಟಿ ಸುಟ್ಟಾಗ ಅದೂ ಹೋದದ್ದು ಈಗ ಅರ್ಥವಾಯಿತು. ಹಿಂದಿನ ಕಾಲದ ದೊಡ್ಡ ಡಬ್ಬದಂಥ ರೆಗ್ಯುಲೇಟರುಗಳಲ್ಲಿ ಈ ಕೆಲಸವನ್ನು ತಂತಿ ಸುತ್ತಿದ ರೋಧಕ ಮಾಡುತ್ತಿತ್ತು. ಫ್ಯಾನ್ ನಿಧಾನ ಮಾಡಿದರೆ ಡಬ್ಬ ಬಿಸಿಯಾಗುತ್ತಿತ್ತು, ಆ ಬಿಸಿಗೂ ಕರೆಂಟ್ ಬಿಲ್ ಕಟ್ಟಬೇಕಿತ್ತು. ಕೆಪಾಸಿಟರಿನಲ್ಲಿ ಆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ.

ಅಡುಗೆಮನೆಯ ಎಲ್‌ಇಡಿ ಬಲ್ಬ್ ಆಫ್ ಮಾಡಿದ ಮೇಲೂ ಕತ್ತಲಲ್ಲಿ ಮಂಕಾಗಿ ಮಿನುಗುತ್ತದೆ ಎಂದು ದಾದಿ ಬಹಳ ದಿನದಿಂದ ಹೇಳುತ್ತಿದ್ದರು. ನಾವು ಅವರ ಕಣ್ಣಿನ ದೋಷ ಎಂದುಕೊಂಡಿದ್ದೆವು. ಹೊರಡುವ ಮುಂಚೆ ಅಣ್ಣ ಅದನ್ನೂ ನೋಡಿದರು. ಅಲ್ಲೂ ಸ್ವಿಚ್ ನ್ಯೂಟ್ರಲ್‌ನಲ್ಲೇ ಇತ್ತು.