ಹಿಂದಿನ ಹೌಸಿಂಗ್ ಅಳುತ್ತಿದೆಯೇ? ಮೊದಲು ಕಿವಿಗೊಡಿ, ಆಮೇಲೆ ಪಾನಾ ಹಿಡಿಯಿರಿ

ಅಕ್ಕಲಕೋಟ: ಸೊಲ್ಲಾಪುರ, ಗಾಣಗಾಪುರ, ತುಳಜಾಪುರ ಅಂತ ಭಕ್ತರನ್ನು ಹೊತ್ತು ತಿರುಗುವ ಜೀಪುಗಳಿಗೂ, ಈರುಳ್ಳಿ, ತೊಗರಿ ಚೀಲ ಹೊರುವ ಪಿಕಪ್ ಗಾಡಿಗಳಿಗೂ ಗಡಿಭಾಗದಲ್ಲಿ ಬಿಡುವೆಂಬುದು ಕಡಿಮೆ. ಇಂಥ ಗಾಡಿಯ ಹಿಂಭಾಗದಲ್ಲಿ ಒಂದು ದಿನ ‘ಕುಂಯ್’ ಎಂಬ ಸಣ್ಣ ಆವಾಜು ಶುರುವಾಗುತ್ತದೆ. ಕನ್ನಡದಾಗ ‘ಹೌಸಿಂಗ್ ಅಳಾಕತ್ತೈತಿ’ ಅನ್ನಲಿ, ಮರಾಠಿಯಲ್ಲಿ ‘ಆವಾಜ್ ಯೇತೋಯ್’ ಅನ್ನಲಿ, ರೋಗ ಒಂದೇ. ಇನ್ನೊಂದು ಖೇಪ ಆಗಲಿ, ಆಮ್ಯಾಲ ನೋಡೋಣು ಎಂಬ ಧೋರಣೆಯೇ ಮುಂದೆ ದುಬಾರಿಯಾಗುತ್ತದೆ.

ಆವಾಜು ಬಂದ ಕೂಡಲೇ ಕ್ರೌನ್-ಪಿನಿಯನ್ ಹೋಯಿತು ಅಂತ ಗಾಬರಿಯಾಗಬೇಕಿಲ್ಲ. ನಿಂತ ಗಾಡಿಯ ಎಂಜಿನ್ ರೇಸ್ ಮಾಡಿದಾಗಲೂ ಅದೇ ಆವಾಜು ಬಂದರೆ ದೋಷ ಹಿಂದಿನ ಹೌಸಿಂಗಿನದ್ದಲ್ಲ, ಎಂಜಿನ್ ಅಥವಾ ಗೇರ್ ಬಾಕ್ಸ್ ಕಡೆಯದು. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಆವಾಜು ಬದಲಾದರೆ ಅದು ಹೆಚ್ಚಾಗಿ ಟೈರಿನದ್ದು. ಹೌಸಿಂಗಿನ ಆವಾಜು ರಸ್ತೆ ನೋಡುವುದಿಲ್ಲ, ಸ್ಪೀಡ್ ನೋಡುತ್ತದೆ.

ಮುಂದಿನ ಪರೀಕ್ಷೆ ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಆಗಬೇಕು. ಎಕ್ಸಲೇಟರ್ ಒತ್ತಿದಾಗ ಮಾತ್ರ ಕುಂಯ್‌ಗುಟ್ಟಿದರೆ ಕ್ರೌನ್-ಪಿನಿಯನ್ ಹಲ್ಲುಗಳ ಮೇಲೆ ಸಂಶಯ. ಕಾಲು ತೆಗೆದಾಗ ಹೆಚ್ಚಾದರೆ ಪಿನಿಯನ್ ಬೇರಿಂಗ್ ಸಡಿಲಾಗಿರಬಹುದು. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗರಗರ ಅಂದರೆ ಬೇರಿಂಗ್ ಸವೆದಿದೆ ಎಂದೇ ತಿಳಿಯಬೇಕು. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಗಾಲಿಗೆ ಬೀಳುತ್ತದೆ. ಆಗ ಗರಗರ ಜೋರಾದರೆ ಬಲಗಾಲಿಯ ಬೇರಿಂಗ್ ನೋಡಬೇಕು. ನೇರ ಓಡುವಾಗ ಸುಮ್ಮನಿದ್ದು ತಿರುವಿನಲ್ಲಷ್ಟೇ ಆವಾಜು ಬಂದರೆ ಒಳಗಿನ ಸ್ಟಾರ್ ಗೇರುಗಳದ್ದು.

ಆವಾಜಿನ ಎಳೆಯೂ ಸುಳಿವು ಕೊಡುತ್ತದೆ. ಪಿನಿಯನ್ನಿಗೆ 11, ಕ್ರೌನಿಗೆ 41 ಹಲ್ಲಿದ್ದರೆ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ಸುಮಾರು 3.7 ಸುತ್ತು ತಿರುಗಿರುತ್ತದೆ. ಹೀಗಾಗಿ ಪಿನಿಯನ್ ಬೇರಿಂಗಿನ ಆವಾಜು ಸಣ್ಣಗೆ, ಗಾಲಿ ಬೇರಿಂಗಿನದ್ದು ದಪ್ಪಗೆ ಕೇಳಿಸುತ್ತದೆ.

ಬಿಚ್ಚುವ ಮೊದಲು ಎಣ್ಣೆ ನೋಡುವುದು ಕಡ್ಡಾಯ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಫಿಲ್ಲರ್ ಪ್ಲಗ್ ತೆಗೆದರೆ ಸಾಮಾನ್ಯವಾಗಿ ತೂತಿನ ಅಂಚಿನವರೆಗೆ ಎಣ್ಣೆ ಇರಬೇಕು. ಹೌಸಿಂಗ್ ಮೇಲಿನ ಬ್ರೀದರ್ ಕೆಸರು ಕಟ್ಟಿ ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ ಸೀಲಿನಿಂದ ಎಣ್ಣೆ ಸೋರುತ್ತದೆ. ಹೊಲದ ದಾರಿಯ ಗಾಡಿಗಳಿಗೆ ಇದು ಹೊಸದೇನಲ್ಲ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಮ್ಯಾಗ್ನೆಟ್ ಪ್ಲಗ್ಗಿಗೆ ಬೂದು ಬಣ್ಣದ ನುಣುಪಾದ ಅಂಟು ಹತ್ತಿದ್ದರೆ ಅದು ಸಹಜ ಸವಕಳಿ, ಮಿಂಚುವ ಚೂರು ಕಂಡರೆ ಮಾತ್ರ ಗಾಡಿ ಮುಂದೆ ಓಡಿಸಬಾರದು.

ಲೆಕ್ಕ ಸರಳ. ಎಣ್ಣೆ ಮತ್ತು ಸೀಲಿನಲ್ಲಿ ಮುಗಿಯುವ ಕೆಲಸ ತಡವಾದರೆ ಬೇರಿಂಗಿಗೆ ಬರುತ್ತದೆ, ಬೇರಿಂಗ್ ಬಿಟ್ಟರೆ ಕ್ರೌನ್-ಪಿನಿಯನ್ ಸೆಟ್ಟಿಗೆ ಬರುತ್ತದೆ. ಇವೆರಡೂ ಜೋಡಿಯಾಗಿ ಉಜ್ಜಿ ತಯಾರಾದ ಗೇರು, ಒಂದನ್ನೇ ಬದಲಿಸಲು ಬರುವುದಿಲ್ಲ. ಹೊಸ ಸೆಟ್ ಹಾಕುವಾಗಲೂ ಶಿಮ್ ಇಟ್ಟು, ಡಯಲ್ ಗೇಜಿನಿಂದ ಹಲ್ಲಿನ ಆಟ ಅಳೆದು, ಬಣ್ಣ ಹಚ್ಚಿ ಹಲ್ಲಿನ ಅಚ್ಚು ನೋಡಬೇಕು. ಅಂದಾಜಿನ ಮೇಲೆ ಕೂಡಿಸಿದರೆ ಹೊಸ ಸೆಟ್ಟೂ ಅಳುತ್ತದೆ. ರೊಕ್ಕ ಕೊಟ್ಟ ಮಾಲೀಕರು ಈ ಅಳತೆಗಳನ್ನು ಕೇಳಿ ತಿಳಿಯುವುದರಲ್ಲಿ ತಪ್ಪಿಲ್ಲ.

ರೊಕ್ಕಕ್ಕಿಂತ ದೊಡ್ಡದು ಜೀವ. ಪಿನಿಯನ್ ಬೇರಿಂಗ್ ಕಚ್ಚಿ ಹಿಡಿದರೆ ಓಡುವ ಗಾಡಿಯ ಹಿಂದಿನ ಗಾಲಿಗಳು ಒಮ್ಮೆಲೇ ಲಾಕ್ ಆಗಬಹುದು. ಕೆಲವು ಸಣ್ಣ ಗಾಡಿಗಳಲ್ಲಿ ಎಕ್ಸಲನ್ನು ಹಿಡಿದಿಡುವುದೇ ಗಾಲಿಯ ಬೇರಿಂಗ್. ಅದು ಒಡೆದರೆ ಗಾಲಿ ಸಮೇತ ಎಕ್ಸಲ್ ಹೊರಬರುತ್ತದೆ. ಹತ್ತು ಮಂದಿ ಕೂತ ಜೀಪಿನಲ್ಲಿ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ.

ಜಾತ್ರೆ, ಸುಗ್ಗಿ ಅಂತ ಗಾಡಿಗೆ ಬಾಡಿಗೆ ಹೆಚ್ಚುವ ಮೊದಲೇ ಒಂದು ದಿನ ಬಿಡುವು ಮಾಡಿಕೊಂಡು ಎಣ್ಣೆ, ಸೀಲು, ಬ್ರೀದರ್ ನೋಡಿಸುವುದು ಚಾಲಕ-ಮಾಲೀಕರಿಬ್ಬರಿಗೂ ಹಿತ. ಟೇಪಿನ ಸದ್ದು ತುಸು ಕಡಿಮೆ ಮಾಡಿದರೆ ಈ ಅಳು ಮೊದಲ ದಿನವೇ ಕೇಳಿಸುತ್ತದೆ.